ಮೊದಲು ಬೆಚ್ಚಗೆ, ಆಮೇಲೆ ನೀರು, ಕೊನೆಗೆ ಮೇವು

ಇವತ್ತು ಬೆಳಿಗ್ಗೆ ಇಲ್ಲಿಗೆ ಹೊರಡುವ ಮುಂಚೆ ಕೆಂಪಿಯನ್ನು ತೂಗಿ ಬಂದೆ. 1 ಕಿಲೋ 940 ಗ್ರಾಂ. ಹೋದ ವಾರಕ್ಕಿಂತ 80 ಗ್ರಾಂ ಜಾಸ್ತಿ. ಕಾಯಿಲೆ ಬಿದ್ದ ಕೋಳಿಯ ತೂಕ ಏರಿದರೆ ಖುಷಿಪಡಬೇಕು ಅಲ್ಲವೇ? ನನಗೆ ಎದೆ ಧಸಕ್ಕೆಂದಿತು. ಯಾಕೆಂದು ಆಮೇಲೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಅದಕ್ಕೂ ಮುಂಚೆ ಒಂದಷ್ಟು ವಿಷಯ ಹೇಳಬೇಕು.

ನಾನು ಡಾಕ್ಟರಲ್ಲ. ಹನ್ನೊಂದು ವರ್ಷದಿಂದ ಕೋಳಿ ಸಾಕುತ್ತಿರುವವಳು, ಅಷ್ಟೇ. ಈ ಅವಧಿಯಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ, ಕೆಲವನ್ನು ಕಳೆದುಕೊಂಡಿದ್ದೇನೆ, ಒಂದನ್ನು ನನ್ನ ಕೈಯಾರೆ ಕೊಂದಿದ್ದೇನೆ. ಆ ಒಂದರ ಕಥೆಯಿಂದಲೇ ಶುರು ಮಾಡುತ್ತೇನೆ. ಇಲ್ಲಿ ಕೂತಿರುವವರಲ್ಲಿ ಒಬ್ಬರಾದರೂ ಆ ತಪ್ಪು ಮಾಡದೆ ಉಳಿದರೆ ನಾನು ಇಷ್ಟು ದೂರ ಬಂದದ್ದು ಸಾರ್ಥಕ.

ಅವಳ ಹೆಸರು ಚುಕ್ಕಿ. ಕಪ್ಪು ಮೈ, ಅದರ ತುಂಬ ಬಿಳಿ ಚುಕ್ಕೆ. ಒಂದು ಮಧ್ಯಾಹ್ನ ನೋಡಿದರೆ ಗೋಡೆಯ ಪಕ್ಕದಲ್ಲಿ ಪುಕ್ಕ ಉಬ್ಬಿಸಿಕೊಂಡು, ಕತ್ತು ಒಳಗೆಳೆದುಕೊಂಡು ನಿಂತಿದ್ದಾಳೆ. ಉಳಿದವು ಮಣ್ಣು ಕೆದಕುತ್ತಿವೆ, ಇವಳು ಕಣ್ಣು ಮುಚ್ಚಿ ತೂಕಡಿಸುತ್ತಿದ್ದಾಳೆ. ಬಾಯಾರಿರಬೇಕು ಎಂದುಕೊಂಡೆ. ತೊಡೆಯ ಮೇಲೆ ಕೂರಿಸಿಕೊಂಡು, ಕೊಕ್ಕು ಬಿಡಿಸಿ, ಚಮಚದಲ್ಲಿ ನೀರು ಹೊಯ್ದೆ. ಎರಡು ಚಮಚ ಹೋಯಿತು. ಮೂರನೆಯದಕ್ಕೆ ಗೊರ್ ಎಂದು ಒಂದು ಸದ್ದು. ತಲೆ ಒದರಿದಳು, ಒಂದು ಸಲ ರೆಕ್ಕೆ ಬಡಿದಳು, ನನ್ನ ತೊಡೆಯ ಮೇಲೆಯೇ ಕತ್ತು ಜೋತುಬಿತ್ತು. ಎಲ್ಲ ಸೇರಿ ಎರಡು ನಿಮಿಷ ಆಗಿರಬಹುದು.

ಕೆಲವು ದಿನ ಕಳೆದು ಇನ್ನೊಂದು ಕೋಳಿಯನ್ನು ಪಶುವೈದ್ಯರ ಹತ್ತಿರ ಒಯ್ದಾಗ ಈ ಸಂಗತಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು: "ಬಾಯೊಳಗೆ ನೀರು ಹೊಯ್ದಿರಾ?" "ಹೌದು ಡಾಕ್ಟ್ರೇ, ಚಮಚದಲ್ಲಿ." ಅವರು ಬೈಯಲಿಲ್ಲ. ನನ್ನ ಕೈಯಲ್ಲಿದ್ದ ಕೋಳಿಯ ಕೊಕ್ಕು ಮೆಲ್ಲಗೆ ಬಿಡಿಸಿ, ಟಾರ್ಚ್ ಹಾಕಿ, "ನಾಲಿಗೆಯ ಬುಡ ನೋಡಮ್ಮ" ಎಂದರು. ಅಲ್ಲೊಂದು ಸಣ್ಣ ಸೀಳು. ಉಸಿರಿಗೊಮ್ಮೆ ತೆರೆಯುತ್ತಿದೆ, ಮುಚ್ಚುತ್ತಿದೆ. "ಅದೇ ಶ್ವಾಸನಾಳದ ಬಾಯಿ. ಕೋಳಿಗೆ ಅದು ಇಷ್ಟು ಮುಂದೆ, ಇಷ್ಟು ಬಯಲಲ್ಲಿ ಇರುತ್ತದೆ. ನೀರು ಹೊಯ್ದರೆ ಹೋಗುವುದು ಅದರೊಳಕ್ಕೇ." ಆ ಸೀಳು ತೆರೆದು ಮುಚ್ಚುವುದನ್ನು ಅವತ್ತು ನಾನು ಎಷ್ಟು ಹೊತ್ತು ನೋಡಿದೆನೋ. ಚುಕ್ಕಿಗೆ ಬಂದಿದ್ದ ಕಾಯಿಲೆ ಯಾವುದೆಂದು ನನಗೆ ಕೊನೆಗೂ ತಿಳಿಯಲಿಲ್ಲ. ಅವಳು ಸತ್ತದ್ದು ಆ ಕಾಯಿಲೆಯಿಂದಲ್ಲ.

ಆಮೇಲೆ ಕಲಿತದ್ದನ್ನೆಲ್ಲ ಒಂದು ಮಾತಿನಲ್ಲಿ ಹೇಳುವುದಾದರೆ: ಕಾಯಿಲೆಯ ಕೋಳಿಗೆ ಮನೆಯಲ್ಲಿ ಮಾಡುವ ಶುಶ್ರೂಷೆಗೆ ಒಂದು ಕ್ರಮ ಇದೆ. ಮೊದಲು ಬೆಚ್ಚಗೆ, ಆಮೇಲೆ ನೀರು, ಕೊನೆಗೆ ಮೇವು. ಔಷಧಿ ಈ ಸಾಲಿನಲ್ಲಿ ಇಲ್ಲ. ಅದು ಡಾಕ್ಟರ ಕೆಲಸ. ನಾವು ಗಾಬರಿಯಲ್ಲಿ ಇದನ್ನು ತಿರುವುಮುರುವು ಮಾಡುತ್ತೇವೆ. ತಿನ್ನುತ್ತಿಲ್ಲ ಎಂದು ಕಾಳು ತುರುಕುತ್ತೇವೆ, ಕುಡಿಯುತ್ತಿಲ್ಲ ಎಂದು ನೀರು ಹೊಯ್ಯುತ್ತೇವೆ, ಮೈ ತಣ್ಣಗಾಗಿರುವುದು ಮಾತ್ರ ನಮ್ಮ ಗಮನಕ್ಕೇ ಬಂದಿರುವುದಿಲ್ಲ.

ಗಮನಕ್ಕೆ ಬಾರದಿರಲು ಕಾರಣ ಕೋಳಿಯೇ. ಅದು ಕಾಯಿಲೆಯನ್ನು ಮುಚ್ಚಿಡುವ ಪ್ರಾಣಿ. ಸೊರಗಿದ್ದು ಕಂಡರೆ ಬೇಟೆಗಾರನ ಕಣ್ಣು ಬೀಳುತ್ತದೆ, ಜೊತೆಯ ಕೋಳಿಗಳೇ ಕುಕ್ಕುತ್ತವೆ. ಹಾಗಾಗಿ ಕೊನೆಯವರೆಗೂ ನಡೆದಾಡುತ್ತದೆ, ಮಣ್ಣು ಕೆದಕುವ ಹಾಗೆ ಮಾಡುತ್ತದೆ, ಕಾಳನ್ನು ಕೊಕ್ಕಿನಲ್ಲಿ ಎತ್ತಿ ನುಂಗದೆ ಕೆಳಗೆ ಬಿಡುತ್ತದೆ. ದೂರದಿಂದ ನೋಡಿದರೆ ತಿನ್ನುತ್ತಿದೆ ಅನ್ನಿಸಬೇಕು, ಹಾಗೆ. ಹಗಲಲ್ಲೇ ಪುಕ್ಕ ಉಬ್ಬಿಸಿ ಮುದುಡಿ ಕೂತಿತೆಂದರೆ ಮುಚ್ಚಿಡುವ ಶಕ್ತಿಯೂ ಮುಗಿದಿದೆ ಎಂದರ್ಥ. ನಮಗೆ ಅದು ಮೊದಲ ದಿನ, ಕೋಳಿಗೆ ನಾಲ್ಕನೆಯದೋ ಐದನೆಯದೋ ಆಗಿರಬಹುದು. "ನಾಳೆ ನೋಡೋಣ" ಎನ್ನುವ ಮಾತನ್ನು ಕೋಳಿಯ ವಿಷಯದಲ್ಲಿ ನಾನು ಬಿಟ್ಟೇಬಿಟ್ಟಿದ್ದೇನೆ.

ಈಗ ಬೆಚ್ಚಗಿಡುವ ವಿಚಾರ. ಕೋಳಿಯ ಮೈಬಿಸಿ 41ರಿಂದ 42 ಡಿಗ್ರಿ ಸೆಲ್ಸಿಯಸ್. ನಮ್ಮ ಲೆಕ್ಕದಲ್ಲಿ ಅದು ಕೆಟ್ಟ ಜ್ವರ, ಅದಕ್ಕೆ ಆರೋಗ್ಯ. ಈ ಬಿಸಿಯನ್ನು ಕಾಪಾಡಿಕೊಳ್ಳಲು ಅದು ಸದಾ ತಿನ್ನುತ್ತಿರಬೇಕು. ಕಾಯಿಲೆ ಬಂದು ಮೇವು ಬಿಟ್ಟರೆ ಒಳಗಿನ ಒಲೆಗೆ ಸೌದೆ ನಿಂತ ಹಾಗೆ. ಉಬ್ಬಿದ ಪುಕ್ಕ ನೋಡಿ ನಾವು 'ಗುಂಡಗಿದೆ' ಅಂದುಕೊಳ್ಳುತ್ತೇವೆ. ನಿಜವಾಗಿ ಅದು ಪುಕ್ಕದ ನಡುವೆ ಗಾಳಿ ಹಿಡಿದಿಟ್ಟು ಕಂಬಳಿ ಹೊದ್ದುಕೊಂಡಿದೆ, ಚಳಿಗೆ.

ನಾನು ಮಾಡುವುದು ಇಷ್ಟು. ಒಂದು ದೊಡ್ಡ ರಟ್ಟಿನ ಪೆಟ್ಟಿಗೆ, ತಳಕ್ಕೆ ಹಳೆಯ ಟವೆಲ್. ಗಾಳಿ ಆಡುವ ಆದರೆ ಬಿರುಗಾಳಿ ಬೀಸದ, ಗದ್ದಲ ಇಲ್ಲದ ಕೋಣೆಯ ಮೂಲೆ. ಪೆಟ್ಟಿಗೆಯ ಒಂದು ಬದಿಗೆ ಮಾತ್ರ ಶಾಖ: ಬಿಸಿನೀರು ತುಂಬಿದ ಬಾಟಲಿಗೆ ಬಟ್ಟೆ ಸುತ್ತಿ ಇಟ್ಟರೂ ಸಾಕು. ಒಂದೇ ಬದಿಗೆ ಯಾಕೆಂದರೆ, ಸೆಕೆಯಾದರೆ ಕೋಳಿ ತಾನೇ ಆಚೆ ಬದಿಗೆ ಸರಿಯಬೇಕು. ಅದಕ್ಕೆ ಬೆವರುವುದು ಗೊತ್ತಿಲ್ಲ. ಬಾಯಿ ತೆರೆದು ಏದುಸಿರು ಬಿಡುತ್ತಾ ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದರೆ ಶಾಖ ಜಾಸ್ತಿ ಆಯಿತು ಎಂದು ತಿಳಿಯಿರಿ. ಪೆಟ್ಟಿಗೆಯೊಳಗೆ 27ರಿಂದ 30 ಡಿಗ್ರಿ ಇದ್ದರೆ ಹದ. ಬಲ್ಬಿನ ಶಾಖ ಕೊಡುವವರು ಎರಡು ಎಚ್ಚರ ಇಟ್ಟುಕೊಳ್ಳಿ. ಒಂದು, ಬೆಂಕಿ. ಒಣಹುಲ್ಲಿನ ಮೇಲೆ ಜೋತಾಡುವ ಬಲ್ಬಿನಿಂದ ಗೂಡಿಗೆ ಗೂಡೇ ಸುಟ್ಟುಹೋಗುವುದು ಅಪರೂಪವಲ್ಲ. ಇನ್ನೊಂದು, ಶಾಖ ಕೊಡುವ ಕೆಲವು ಬಲ್ಬುಗಳಿಗೆ ಟೆಫ್ಲಾನ್ ಲೇಪ ಇರುತ್ತದೆ. ಅದು ಕಾದಾಗ ಬರುವ ಹೊಗೆ ನಮ್ಮ ಮೂಗಿಗೆ ಗೊತ್ತೇ ಆಗದಿರಬಹುದು, ಹಕ್ಕಿಯನ್ನು ಕೊಲ್ಲುತ್ತದೆ. ಅತಿಯಾಗಿ ಕಾದ ನಾನ್‌ಸ್ಟಿಕ್ ಬಾಣಲೆಯದೂ ಅದೇ ಹೊಗೆ. ಆದ್ದರಿಂದ ಕಾಯಿಲೆಯ ಕೋಳಿಗೆ ಅಡುಗೆಮನೆಯ ಮೂಲೆ ಬೇಡ, ಎಷ್ಟೇ ಬೆಚ್ಚಗಿದ್ದರೂ.

ಎತ್ತಿಕೊಳ್ಳುವಾಗಲೂ ಒಂದು ಮಾತು. ಮುದ್ದು ಉಕ್ಕಿ ಎದೆಗವಚಿ ಹಿಡಿಯಬೇಡಿ. ನಮಗಿರುವ ಹಾಗೆ ಕೋಳಿಗೆ ಎದೆಗೂ ಹೊಟ್ಟೆಗೂ ನಡುವೆ ವಪೆ, ಅಂದರೆ ಉಸಿರಾಡಿಸುವ ಸ್ನಾಯುವಿನ ಪರದೆ, ಇಲ್ಲ. ಎದೆಮೂಳೆ ಮುಂದಕ್ಕೆ ಹಿಂದಕ್ಕೆ ಆಡಿದರೇನೇ ಅದಕ್ಕೆ ಉಸಿರು. ಬಿಗಿಹಿಡಿದರೆ ಕೊಕ್ಕು ಮೂಗು ಎಲ್ಲ ತೆರೆದಿದ್ದೂ ಉಸಿರುಗಟ್ಟುತ್ತದೆ. ಅಂಗಾತ ಮಲಗಿಸಲೂ ಬಾರದು. ಅಂಗೈಯನ್ನು ಅದರ ಎದೆಯಡಿ ಇಟ್ಟು, ಕಾಲುಗಳು ಬೆರಳ ನಡುವೆ ಬರುವ ಹಾಗೆ ಹಿಡಿದು, ನಿಮ್ಮ ಪಕ್ಕೆಗೆ ಒರಗಿಸಿಕೊಳ್ಳಿ.

ಅರ್ಧ ಗಂಟೆಯೋ ಒಂದು ಗಂಟೆಯೋ ಬೆಚ್ಚಗಾದ ಮೇಲೆ ನೀರು. ಕೋಳಿ ನೀರು ಕುಡಿಯುವುದನ್ನು ನೋಡಿದ್ದೀರಲ್ಲ, ಕೊಕ್ಕು ಅದ್ದುತ್ತದೆ, ತಲೆ ಎತ್ತುತ್ತದೆ, ನೀರು ತಾನಾಗಿ ಇಳಿಯುತ್ತದೆ. ಕಾಯಿಲೆಯಲ್ಲೂ ಹಾಗೇ ಕುಡಿಯಲು ಬಿಡಬೇಕು. ಬಟ್ಟಲನ್ನು ಅದು ಕೂತಲ್ಲಿಗೇ, ಎದೆಯ ಎತ್ತರಕ್ಕೆ ತಂದು, ಕೊಕ್ಕಿನ ತುದಿಯನ್ನು ಮಾತ್ರ ಒಮ್ಮೆ ತೋಯಿಸಿ. ಮೂಗಿನ ಹೊಳ್ಳೆ ಮುಳುಗಬಾರದು. ಆಗಲೂ ಕುಡಿಯದಿದ್ದರೆ ಡ್ರಾಪರಿನಿಂದ ಕೊಕ್ಕಿನ ಪಕ್ಕದ ಅಂಚಿಗೆ ಒಂದು ಹನಿ ತಾಗಿಸಿ. ಹನಿ ಬಿರುಕಿನಲ್ಲಿ ತಾನೇ ಹರಿದುಹೋಗುತ್ತದೆ. ನುಂಗಿತೇ ನೋಡಿ. ನುಂಗಿದ ಮೇಲೆ ಮುಂದಿನ ಹನಿ. ಕತ್ತು ಎತ್ತಿ ಹಿಡಿಯುವ ಶಕ್ತಿಯೂ ಇಲ್ಲದ ಕೋಳಿಗೆ ಆ ಒಂದು ಹನಿಯೂ ಬೇಡ.

ಇಲ್ಲೊಂದು ಲೆಕ್ಕ ಹೇಳುತ್ತೇನೆ. ಹಕ್ಕಿಗೆ ದಿನ ದೂಡಲು ಕಿಲೋ ತೂಕಕ್ಕೆ ಸುಮಾರು 50 ಮಿಲಿಲೀಟರ್ ನೀರು ಬೇಕು. ಎರಡು ಕಿಲೋ ಕೋಳಿಗೆ 100 ಮಿಲಿ. ಒಂದು ಮಿಲಿಗೆ ಸುಮಾರು 20 ಹನಿ. ಅಂದರೆ ದಿನಕ್ಕೆ 2000 ಹನಿ. ಒಂದು ರಾತ್ರಿಯಿಡೀ ಕೂತು ಹನಿ ಹಾಕಿದ ನನಗೆ ಈ ಲೆಕ್ಕ ತಿಳಿದದ್ದು ತಡವಾಗಿ. ಹನಿ ಹಾಕುವುದು ಕೋಳಿ ತಾನೇ ಕುಡಿಯುವವರೆಗೆ ಅಥವಾ ಡಾಕ್ಟರ ಬಾಗಿಲು ತೆರೆಯುವವರೆಗಿನ ಸೇತುವೆ ಅಷ್ಟೇ. ಅವರು ಚರ್ಮದಡಿಗೆ ದ್ರವ ಕೊಡುತ್ತಾರೆ, ಇಲ್ಲವೇ ಮೆತ್ತನೆಯ ಕೊಳವೆಯಿಂದ ನೇರ ಮೇವಿನ ಚೀಲಕ್ಕೆ ಇಳಿಸುತ್ತಾರೆ. ಕೊಳವೆ ಹಾಕುವುದನ್ನು ಅವರ ಎದುರಲ್ಲೇ, ಅವರ ಕೈ ನೋಡಿಯೇ ಕಲಿಯಬೇಕು. ವಿಡಿಯೋ ನೋಡಿ ಮಾಡುವ ಕೆಲಸ ಅಲ್ಲ. ನಾಲಿಗೆಯ ಬುಡದ ಆ ಸೀಳು ನೆನಪಿರಲಿ.

ಮೇವಿನ ಚೀಲ ಎಂದೆ. ಕೊರಳ ಬುಡದಲ್ಲಿ, ಎದೆಯ ಮೇಲ್ಭಾಗದ ಬಲಕ್ಕೆ ಇರುವ ಚೀಲ ಅದು. ತಿಂದದ್ದು ಮೊದಲು ಅಲ್ಲಿ ನೆನೆಯುತ್ತದೆ, ಆಮೇಲೆ ಕೆಳಗಿಳಿಯುತ್ತದೆ. ಕೋಳಿ ಸಾಕುವವರ ಬೆರಳಿಗೆ ಈ ಚೀಲದ ಪರಿಚಯ ಇರಲೇಬೇಕು, ಅದೂ ಕೋಳಿ ಆರೋಗ್ಯವಾಗಿರುವಾಗಲೇ. ಸಂಜೆ ಗೂಡು ಸೇರುವ ಹೊತ್ತಿಗೆ ಮುಟ್ಟಿದರೆ ತುಂಬಿದ ಸಣ್ಣ ಚೆಂಡು. ಬೆಳಿಗ್ಗೆ ಮೇವು ಕೊಡುವ ಮುಂಚೆ ಮುಟ್ಟಿದರೆ ಖಾಲಿ. ಬೆಳಿಗ್ಗೆಯೂ ತುಂಬಿದ್ದರೆ ಏನೋ ಕೆಟ್ಟಿದೆ. ಗಟ್ಟಿಯಾಗಿ ಉಂಡೆಯಂತೆ ಸಿಕ್ಕರೆ ಉದ್ದ ಹುಲ್ಲೋ ನಾರೋ ಸಿಕ್ಕಿಕೊಂಡಿರಬಹುದು. ನೀರು ತುಂಬಿದ ಬಲೂನಿನಂತೆ ಜೋಲಾಡಿ, ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಕ್ಯಾಂಡಿಡಾ ಎಂಬ ಶಿಲೀಂಧ್ರ ಬೆಳೆದಿರುವ ಸಂಭವ ಹೆಚ್ಚು. ಇಂಥ ಕೋಳಿಯನ್ನು ತಲೆಕೆಳಗು ಹಿಡಿದು ಚೀಲ ಹಿಂಡಿ ವಾಂತಿ ಮಾಡಿಸುವುದು ಹಳೆಯ ರೂಢಿ. ದಯವಿಟ್ಟು ಮಾಡಬೇಡಿ. ಆ ಕೊಳೆತ ನೀರು ಶ್ವಾಸಕ್ಕೆ ನುಗ್ಗಿದರೆ ಚುಕ್ಕಿಗಾದದ್ದೇ ಆಗುತ್ತದೆ.

ಈ ಚೀಲದಿಂದಾಗಿಯೇ ಮೇವು ಕೊನೆಗೆ ಬರುವುದು. ಮೈ ತಣ್ಣಗಿದ್ದಾಗ, ನೀರು ಬತ್ತಿದಾಗ ಚೀಲ ಕೆಲಸ ಮಾಡುವುದಿಲ್ಲ. ಆಗ ತುರುಕಿದ ಮೇವು ಅಲ್ಲೇ ಕೂತು ಹುಳಿಯುತ್ತದೆ. ಬೆಚ್ಚಗಾಗಿ, ನೀರು ಇಳಿದು, ಚೀಲ ಖಾಲಿಯಾಗುತ್ತಿದೆ ಎಂದು ಬೆರಳಿಗೆ ಗೊತ್ತಾದ ಮೇಲೆ ಅದು ದಿನಾ ತಿನ್ನುವ ಮೇವನ್ನೇ ನೀರಿನಲ್ಲಿ ನೆನೆಸಿ, ಗಂಜಿಯ ಹದಕ್ಕೆ ತಂದು, ಒಂದೊಂದು ಚಮಚದಷ್ಟು ಮುಂದಿಡಿ. ಬೇಯಿಸಿದ ಮೊಟ್ಟೆಯ ಹಳದಿಯನ್ನು ಪುಡಿ ಮಾಡಿ ಉದುರಿಸಿದರೆ ಆಸೆ ಹುಟ್ಟುತ್ತದೆ. ಬೆರಳ ತುದಿಯಿಂದ ತಟ್ಟೆಯನ್ನು ಟಕಟಕ ಕುಟ್ಟಿ. ತಾಯಿಕೋಳಿ ಮರಿಗಳನ್ನು ಮೇವಿಗೆ ಕರೆಯುವುದು ಕೊಕ್ಕಿನಿಂದ ಹಾಗೆ ಕುಟ್ಟಿಯೇ. ದೊಡ್ಡ ಕೋಳಿಯೂ ಅದಕ್ಕೆ ತಿರುಗಿ ನೋಡುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ಇನ್ನು ಹಿಕ್ಕೆ. ಪೆಟ್ಟಿಗೆಯಲ್ಲಿ ಟವೆಲಿನ ಮೇಲೆ ಬಿಳಿ ಕಾಗದ ಹಾಸುವುದು ಇದಕ್ಕಾಗಿ. ಬಾಯಿಲ್ಲದ ಪ್ರಾಣಿಯ ಮಾತು ಎಂದರೆ ಹಿಕ್ಕೆಯೇ. ಕಂದು ಬಣ್ಣ, ಮೇಲೊಂದು ಬಿಳಿ ಟೋಪಿ ಇದ್ದರೆ ಸರಿಯಾಗಿದೆ. ಬಿಳಿಯದು ಅದರ ಮೂತ್ರದ ಭಾಗ. ದಿನದಲ್ಲಿ ಕೆಲವು ಸಲ ಅಂಟಂಟಾಗಿ, ಕೆಟ್ಟ ವಾಸನೆಯ ಕಪ್ಪುಗಂದು ಹಿಕ್ಕೆ ಬರುತ್ತದೆ. ಅದೂ ಸಹಜವೇ, ಹೆದರಬೇಡಿ. ಬರೀ ಹಸಿರು ನೀರು ಬಂದರೆ ಹೊಟ್ಟೆಯಲ್ಲಿ ಮೇವಿಲ್ಲ, ಪಿತ್ತ ಮಾತ್ರ ಇಳಿಯುತ್ತಿದೆ. ರಕ್ತ ಕಂಡರೆ, ಅದರಲ್ಲೂ ಎಳೆಯ ಕೋಳಿಯಲ್ಲಿ, ಕಾಕ್ಸಿಡಿಯೋಸಿಸ್ ಇರಬಹುದು. ಐಮೀರಿಯಾ ಎಂಬ ಸೂಕ್ಷ್ಮ ಪರಾವಲಂಬಿ ಕರುಳಿನ ಗೋಡೆಯನ್ನು ಹರಿಯುವ ಕಾಯಿಲೆ. ಒಂದೆರಡು ದಿನದಲ್ಲಿ ಜೀವ ತೆಗೆಯುತ್ತದೆ, ಆದರೆ ಬೇಗ ಹಿಡಿದರೆ ಆಂಪ್ರೋಲಿಯಂನಂಥ ಔಷಧಿಗೆ ಬಗ್ಗುತ್ತದೆ. ಡಾಕ್ಟರ ಬಳಿ ಹೋಗುವಾಗ ಆ ಕಾಗದವನ್ನೇ ಮಡಚಿ ಒಯ್ಯಿರಿ. ನಿಮ್ಮ ಹತ್ತು ನಿಮಿಷದ ವರ್ಣನೆಗಿಂತ ಅದು ಹೆಚ್ಚು ಹೇಳುತ್ತದೆ. ಗುದದ ಸುತ್ತಲಿನ ಪುಕ್ಕಕ್ಕೆ ಹಿಕ್ಕೆ ಮೆತ್ತಿದ್ದರೆ ಬೆಚ್ಚನೆ ನೀರಿನಲ್ಲಿ ತೊಳೆದು ಒರೆಸಿ ಪೂರ್ತಿ ಒಣಗಿಸಿ. ನೊಣ ಅಲ್ಲಿ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳುವಾಗಿ ಜೀವಂತ ಮಾಂಸವನ್ನೇ ತಿನ್ನುತ್ತವೆ. ಜುಟ್ಟನ್ನೂ ನೋಡುತ್ತಿರಿ. ಬಿಳಿಚಿದರೆ ರಕ್ತ ಕಡಿಮೆ, ರಕ್ತ ಹೀರುವ ಉಣ್ಣೆ ಇದೆಯೇ ಎಂದು ರಾತ್ರಿ ಟಾರ್ಚ್ ಹಾಕಿ ಗೂಡು ಹುಡುಕಿ. ನೇರಳೆಗೆ ತಿರುಗಿದರೆ ಉಸಿರೋ ಹೃದಯವೋ ಸೋಲುತ್ತಿದೆ, ಆಗ ಮನೆಯಲ್ಲಿ ಇಟ್ಟುಕೊಂಡು ಕೂರಬೇಡಿ.

ಹೇಂಟೆ ಸಾಕುವವರು ಒಮ್ಮೆಯಾದರೂ ಎದುರಿಸುವ ಇನ್ನೊಂದು ಕಷ್ಟ ಇದೆ, ಮೊಟ್ಟೆ ಸಿಕ್ಕಿಕೊಳ್ಳುವುದು. ನಮ್ಮ ಗೌರಿ ಮೊಟ್ಟೆಯಿಡಲು ಶುರು ಮಾಡಿ ಒಂದು ತಿಂಗಳೂ ಆಗಿರಲಿಲ್ಲ. ಬೆಳಗಿನಿಂದ ಗೂಡಿಗೆ ಹೋಗುವುದು, ಬರುವುದು, ಮತ್ತೆ ಹೋಗುವುದು. ಮಧ್ಯಾಹ್ನಕ್ಕೆ ಬಾಲ ಇಳಿಬಿಟ್ಟು, ನೆಟ್ಟಗೆ ಎದೆಯೆತ್ತಿ, ಹೆಜ್ಜೆ ಅಗಲಿಸಿ ನಿಂತಳು. ಕೆಳಹೊಟ್ಟೆ ಮುಟ್ಟಿದರೆ ಗಟ್ಟಿಯಾದ ಗುಂಡು. ಡಾಕ್ಟರಿಗೆ ಫೋನ್ ಮಾಡಿದೆ, ಬರಲು ಮೂರು ಗಂಟೆಯಾಗುತ್ತದೆ ಎಂದು ಹೇಳಿ, ಅಷ್ಟರಲ್ಲಿ ಏನು ಮಾಡಬೇಕೆಂದು ತಿಳಿಸಿದರು.

ತೊಟ್ಟಿಯಲ್ಲಿ ಮೈಬೆಚ್ಚಗಿನ ನೀರು ತುಂಬಿ, ಹೊಟ್ಟೆ ಮುಳುಗುವಷ್ಟು ಆಳಕ್ಕೆ ಅವಳನ್ನು ಇಳಿಸಿದೆ. ಮೊದಲು ಕಾಲು ಒದರಿದಳು. ನಂತರ ಹೊಟ್ಟೆಯ ಪುಕ್ಕ ಒಂದೊಂದಾಗಿ ಬಿಡಿಸಿಕೊಂಡು ನೀರಿನಲ್ಲಿ ಹರಡಿಕೊಂಡಿತು. ರೆಕ್ಕೆ ಸಡಿಲವಾಗಿ ತೇಲಿತು. ಕಣ್ಣಿನ ಕೆಳಗಿನ ರೆಪ್ಪೆ ನಿಧಾನಕ್ಕೆ ಮೇಲೇರಿ ಮುಚ್ಚಿತು, ತಲೆ ನನ್ನ ಮಣಿಕಟ್ಟಿನ ಮೇಲೆ ಒರಗಿತು. ಆ ಭಾರ ಎಷ್ಟಿರಬಹುದು, ಒಂದು ಕಡಲೆಕಾಯಿಯಷ್ಟು? ಇವತ್ತಿಗೂ ಅದು ನನ್ನ ಮಣಿಕಟ್ಟಿಗೆ ನೆನಪಿದೆ. ಇಪ್ಪತ್ತು ನಿಮಿಷ ಹಾಗೇ ಇಟ್ಟು, ಒರೆಸಿ, ಕತ್ತಲೆ ಪೆಟ್ಟಿಗೆಯಲ್ಲಿ ಬೆಚ್ಚಗೆ ಬಿಟ್ಟು ಬಂದೆ. ಪದೇ ಪದೇ ಇಣುಕಬೇಡಿ ಎಂದು ಡಾಕ್ಟರು ಹೇಳಿದ್ದರು, ಅದು ಬಹಳ ಕಷ್ಟದ ಕೆಲಸ. ಅವರು ಬರುವ ಮುಂಚೆಯೇ ಒಳಗಿನಿಂದ ಗೌರಿಯ ಕೂಗು ಕೇಳಿತು. ಟವೆಲಿನ ಮೇಲೆ ಮೊಟ್ಟೆ ಬಿದ್ದಿತ್ತು, ಬೆರಳೊತ್ತಿದರೆ ತಗ್ಗುವಷ್ಟು ತೆಳು ಚಿಪ್ಪು. ಸುಣ್ಣದಂಶದ ಕೊರತೆ ಎಂದು ಡಾಕ್ಟರು ಕ್ಯಾಲ್ಸಿಯಂ ಕೊಟ್ಟರು. ಎಲ್ಲರಿಗೂ ಇಷ್ಟು ಸುಲಭವಾಗಿ ಮುಗಿಯುವುದಿಲ್ಲ. ಕೆಲವು ಗಂಟೆಯಲ್ಲಿ ಮೊಟ್ಟೆ ಬಾರದಿದ್ದರೆ ಆಸ್ಪತ್ರೆಗೇ ಹೋಗಬೇಕು. ಹೊಟ್ಟೆ ಅದುಮಿ ಮೊಟ್ಟೆ ಒಡೆದರೆ ಚಿಪ್ಪಿನ ಚೂರು ಒಳಗೆ ಗಾಯ ಮಾಡುತ್ತದೆ.

ಒಂದು ಚಿಪ್ಪಿಗೆ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟಲು ಹಿಡಿಯುವುದು ಸುಮಾರು 20 ಗಂಟೆ. ಮೇವಿನಲ್ಲಿ ಸಾಲದಿದ್ದರೆ ಹೇಂಟೆ ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ನಮ್ಮ ಕೋಳಿಗಳ ಮೂಲವಾದ ಕೆಂಪು ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆಯಿಡುತ್ತದೆ. ಇವತ್ತಿನ ಮೊಟ್ಟೆತಳಿಗಳು 300 ದಾಟುತ್ತವೆ. ಹಾಗೆ ತಳಿ ತಿದ್ದಿದವರು ಮನುಷ್ಯರು. ಅದರ ಬೆಲೆ ತೆರುತ್ತಿರುವುದು ಹೇಂಟೆಯ ಗರ್ಭಕೋಶ. ಎರಡು ಮೂರು ವರ್ಷ ದಾಟಿದ ಹೇಂಟೆಗಳಲ್ಲಿ ಅಂಡಾಶಯದ ಕ್ಯಾನ್ಸರ್ ತಾನಾಗಿಯೇ ಎಷ್ಟು ಸಾಮಾನ್ಯವೆಂದರೆ, ಹೆಂಗಸರ ಅಂಡಾಶಯ ಕ್ಯಾನ್ಸರನ್ನು ಅರಿಯಲು ವಿಜ್ಞಾನಿಗಳು ಹೇಂಟೆಯನ್ನೇ ಅಭ್ಯಾಸ ಮಾಡುತ್ತಾರೆ.

ಕೆಂಪಿಯ ಮಾತು ಬರುವುದು ಇಲ್ಲಿ. ಅವಳಿಗೆ ಈಗ ಐದು ವರ್ಷ. ಹೊಟ್ಟೆಯಲ್ಲಿ ನೀರು ತುಂಬುತ್ತಿದೆ. ಮೂಲ ಅಂಡಾಶಯದಲ್ಲಿದೆ, ಗುಣವಾಗುವುದಿಲ್ಲ ಎಂದು ಡಾಕ್ಟರು ನೇರವಾಗಿ ಹೇಳಿದ್ದಾರೆ. ಎಲ್ಲ ಕೋಳಿಗಳನ್ನೂ ವಾರಕ್ಕೊಮ್ಮೆ ತೂಗಿ ಬರೆದಿಡಿ, ಹತ್ತನೇ ಒಂದು ಪಾಲು ತೂಕ ಇಳಿದರೆ ತಡಮಾಡಬೇಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಕೆಂಪಿಯ ವಿಷಯದಲ್ಲಿ ಆ ತಕ್ಕಡಿ ಸುಳ್ಳು ಹೇಳುತ್ತದೆ. ಎದೆಯ ನಡುಮೂಳೆಯನ್ನು ಮುಟ್ಟಿದರೆ ಎರಡೂ ಬದಿಯ ಮಾಂಸ ಕರಗಿ ಕತ್ತಿಯ ಅಲಗಿನ ಹಾಗೆ ಸಿಗುತ್ತದೆ. ಮೈ ಸೊರಗುತ್ತಿದೆ, ತೂಕ ಏರುತ್ತಿದೆ. ಆ 80 ಗ್ರಾಂ ಪೂರಾ ನೀರು. ಹೊಟ್ಟೆಯ ನೀರು ಉಸಿರಿನ ಜಾಗವನ್ನು ಒತ್ತುತ್ತದೆ. ಡಾಕ್ಟರು ಸೂಜಿಯಿಂದ ತೆಗೆದಾಗ ಒಂದೆರಡು ವಾರ ಹಗುರಾಗಿ ಓಡಾಡುತ್ತಾಳೆ, ಮತ್ತೆ ತುಂಬುತ್ತದೆ. ತಕ್ಕಡಿಯ ಜೊತೆಗೆ ಕೈಯೂ ಬೇಕು ಎನ್ನುವುದು ನನಗೆ ಅವಳಿಂದ ತಿಳಿಯಿತು.

ಔಷಧಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮನೆಯಲ್ಲಿ ಉಳಿದ ಆಂಟಿಬಯಾಟಿಕ್ ಮಾತ್ರೆ ಪುಡಿ ಮಾಡಿ ಕೊಡಬೇಡಿ. ವೈರಸ್ಸಿನ ಕಾಯಿಲೆಗೆ ಅದು ನಾಟುವುದೇ ಇಲ್ಲ. ಡಾಕ್ಟರು ಕೊಟ್ಟ ಔಷಧಿಯನ್ನು ಹೇಳಿದಷ್ಟು ದಿನ ಪೂರ್ತಿ ಕೊಡಿ, ಆ ದಿನಗಳಲ್ಲಿ ಮತ್ತು ಅದಾದ ಮೇಲೆ ಎಷ್ಟು ದಿನ ಮೊಟ್ಟೆ ತಿನ್ನಬಾರದು ಎಂದು ಕೇಳಿ ತಿಳಿದುಕೊಳ್ಳಿ. ಒಂದು ಕಾಲು ಮುಂದೆ ಒಂದು ಕಾಲು ಹಿಂದೆ ಚಾಚಿ ಬಿದ್ದ ಎಳೆಯ ಕೋಳಿ ಕಂಡರೆ ಮರೆಕ್ ರೋಗ ಎಂಬ ವೈರಸ್ ಕಾಯಿಲೆಯ ಅನುಮಾನ ಪಡಬೇಕು. ಹಂಗೇರಿಯ ಪಶುವೈದ್ಯ ಯೋಜೆಫ್ ಮರೆಕ್ 1907ರಲ್ಲಿ ಮೊದಲು ವಿವರಿಸಿದ ಕಾಯಿಲೆ ಅದು. ಮರಿಗೆ ಲಸಿಕೆ ಉಂಟು, ಬಂದ ಮೇಲೆ ಮದ್ದಿಲ್ಲ.

ಮನೆಯ ಶುಶ್ರೂಷೆ ಎಲ್ಲಿ ನಿಲ್ಲಬೇಕು ಎಂಬುದನ್ನೂ ಹೇಳಿಬಿಡುತ್ತೇನೆ. ಒಂದೇ ಸಲಕ್ಕೆ ಹಲವು ಕೋಳಿ ಬಿದ್ದರೆ, ಮುಖ ಊದಿದರೆ, ಕತ್ತು ತಿರುಚಿಕೊಂಡರೆ, ಇದ್ದಕ್ಕಿದ್ದಂತೆ ಸಾಯತೊಡಗಿದರೆ ಅದು ಹಕ್ಕಿಜ್ವರವೋ ಕೊಕ್ಕರೆ ರೋಗವೋ (ರಾಣಿಖೇತ್) ಆಗಿರಬಹುದು. ಸತ್ತದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕೊಯ್ದು ನೋಡಬೇಡಿ, ಬೇರೆಯವರಿಗೆ ಕೊಡಬೇಡಿ, ಸರ್ಕಾರಿ ಪಶುವೈದ್ಯರಿಗೆ ತಿಳಿಸಿ. ಒಂದೇ ಕೋಳಿಯ ಕಾಯಿಲೆಯಾದರೂ ಮೊದಲು ಆರೋಗ್ಯದ ಕೋಳಿಗಳ ಕೆಲಸ ಮುಗಿಸಿ, ಕಾಯಿಲೆಯದನ್ನು ಕೊನೆಗೆ ನೋಡಿ, ಚಪ್ಪಲಿ ಬೇರೆ ಇರಲಿ, ಸೋಪು ಹಚ್ಚಿ ಕೈ ತೊಳೆಯಿರಿ. ಚೆನ್ನಾಗಿ ಕಾಣುವ ಕೋಳಿಯಲ್ಲೂ ನಮ್ಮ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಐದು ವರ್ಷದೊಳಗಿನ ಮಕ್ಕಳನ್ನು ಪೆಟ್ಟಿಗೆಯ ಹತ್ತಿರ ಬಿಡಬೇಡಿ.

ಗುಣವಾದದ್ದನ್ನು ಗುಂಪಿಗೆ ಸೇರಿಸುವುದೂ ಒಂದು ಕೆಲಸವೇ. ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತಾ ಬೆಳೆದ ನಾರ್ವೆಯ ಥಾರ್ಲೀಫ್ ಶೆಲ್ಡೆರಪ್ ಎಬ್ಬೆ, ಯಾರು ಯಾರನ್ನು ಕುಕ್ಕಬೇಕು ಎಂಬ ಶ್ರೇಣಿ ಪ್ರತಿ ಗುಂಪಿನಲ್ಲೂ ಇದೆ ಎಂದು 1921ರಲ್ಲಿ ತೋರಿಸಿಕೊಟ್ಟರು. ಕೆಲವು ದಿನ ಕಾಣದ ಕೋಳಿಗೆ ಆ ಶ್ರೇಣಿಯಲ್ಲಿ ಜಾಗವೇ ಉಳಿಯುವುದಿಲ್ಲ. ಮೈಯಲ್ಲಿ ಒಂದಿಷ್ಟು ಶಕ್ತಿ ಬಂದ ಕೂಡಲೇ ಹಗಲಲ್ಲಿ ತಂತಿಬಲೆಯ ಈಚೆ ಇಟ್ಟು ಉಳಿದವುಗಳ ಕಣ್ಣಿಗೆ ಬೀಳುವ ಹಾಗೆ ನೋಡಿಕೊಳ್ಳಿ, ಅಂಟುರೋಗ ಅಲ್ಲವೆಂದು ಗೊತ್ತಿದ್ದರೆ ಮಾತ್ರ. ಅದಕ್ಕೂ ಒಂಟಿತನ ಕಡಿಮೆಯಾಗುತ್ತದೆ.

ಕೊನೆಯದಾಗಿ, ಯಾರೂ ಕೇಳಲು ಇಷ್ಟಪಡದ ಪ್ರಶ್ನೆ. ಯಾವಾಗ ಸಾಕು ಎನ್ನಬೇಕು? ನೋವು ತೋರಿಸದ ಪ್ರಾಣಿ ಇದು ಎಂದು ಹೇಳಿದೆನಲ್ಲ, ಹಾಗಾಗಿ ಮುಖ ನೋಡಿ ತೀರ್ಮಾನಿಸಲು ಆಗುವುದಿಲ್ಲ. ನಮ್ಮ ಮನಸ್ಸಂತೂ ದಿನಾ "ಇನ್ನೊಂದು ದಿನ" ಅನ್ನುತ್ತಲೇ ಇರುತ್ತದೆ. ಕೆಂಪಿಯ ಕಾಯಿಲೆ ಗೊತ್ತಾದ ದಿನವೇ ಡಾಕ್ಟರು ನನ್ನ ಕೈಗೆ ಪೆನ್ನು ಕೊಟ್ಟು, "ಇವಳಿಗೆ ಬಹಳ ಇಷ್ಟದ ಮೂರು ಸಂಗತಿ ಬರೆಯಮ್ಮ" ಎಂದರು. ಬರೆದೆ. ಬೆಳಿಗ್ಗೆ ನನ್ನ ಹೆಜ್ಜೆ ಕೇಳಿದ ಕೂಡಲೇ ಕೂಗುವುದು. ಬಿಸಿಲಿಗೆ ರೆಕ್ಕೆ ಚಾಚಿ ಮಲಗುವುದು. ಮಣ್ಣಿನಲ್ಲಿ ಹೊರಳಾಡುವುದು. "ಇದರಲ್ಲಿ ಎರಡನ್ನು ಬಿಟ್ಟ ದಿನ ನನಗೆ ಫೋನ್ ಮಾಡಿ" ಎಂದರು. ದಯಾಮರಣವನ್ನು ಅವರೇ ಬಂದು ಕೊಡುತ್ತಾರೆ, ಮೊದಲು ನಿದ್ದೆ ಬರಿಸಿ. ಅವಳು ತನ್ನ ಪೆಟ್ಟಿಗೆಯಲ್ಲೇ ಇರುತ್ತಾಳೆ. ಆ ಮಾತನ್ನು ಮೊದಲೇ ಆಡಿ ಇಟ್ಟುಕೊಂಡದ್ದರಿಂದ ನನಗೆ ರಾತ್ರಿ ನಿದ್ದೆ ಬರುತ್ತಿದೆ. ಆ ಹೊತ್ತು ಬಂದಾಗ ತಡಮಾಡಿ ಅವಳನ್ನು ನರಳಿಸುವುದಿಲ್ಲ.

ಇವತ್ತು ಬೆಳಿಗ್ಗೆ ಕೂಗಿದಳು. ತೂಗಿದ ಮೇಲೆ ಅಂಗಳದಲ್ಲಿ ಬಿಟ್ಟೆ, ಬಿಸಿಲು ಬಿದ್ದ ಕಡೆ ಹೋಗಿ ಎಡರೆಕ್ಕೆ ಚಾಚಿ ಮಲಗಿದಳು. ಮಣ್ಣಿನ ಗುಳಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತಳು, ಇಳಿಯಲಿಲ್ಲ. ನಾಳೆ ಹತ್ತು ಗಂಟೆಗೆ ನೀರು ತೆಗೆಸಲು ಡಾಕ್ಟರು ಬರಹೇಳಿದ್ದಾರೆ. ನಿಮ್ಮ ಪ್ರಶ್ನೆಗಳನ್ನು ಈಗ ಕೇಳಿ, ಆದರೆ ಐದು ಗಂಟೆಗೆ ನನ್ನನ್ನು ಬಿಟ್ಟುಬಿಡಿ. ಕತ್ತಲಾಗುವ ಮುಂಚೆ ಹೋಗಿ ಅವಳ ಮೇವಿನ ಚೀಲ ಮುಟ್ಟಿ ನೋಡಬೇಕು.